ಹೊಗೆ ಯಾರ ಪಾಲಿಗೆ?

ನಮ್ಮ ಬೆಳಗಾವಿ ಸೀಮೆಯಲ್ಲಿ ‘ಚಿಮಣಿ’ ಎಂದರೆ ದೀಪ. ‘ಚಿಮಣಿ ಎಣ್ಣೆ’ ಎಂದರೆ ಸೀಮೆಎಣ್ಣೆ. ಇಂಗ್ಲಿಷಿನಲ್ಲಿ ಅದು ಹೊಗೆಯನ್ನು ಹೊರಕ್ಕೆ ಒಯ್ಯುವ ಗೂಡಿನ ಹೆಸರು. ಅಲ್ಲಿಂದ ಅದು ದೀಪದ ಗಾಜಿನ ಬುರುಡೆಗೆ ಸಂದಿತು. ನಮ್ಮಲ್ಲಿಗೆ ಬಂದು ಗಾಜಿನಿಂದ ದೀಪಕ್ಕೆ, ದೀಪದಿಂದ ಎಣ್ಣೆಗೆ ಹರಿಯಿತು. ಕೊನೆಗೆ ಗಾಜೂ ಇಲ್ಲದೆ, ಗೋಡೆಯ ತುಂಬ ಮಸಿ ಕಾರುವ ತಗಡಿನ ಬುಡ್ಡಿಯೂ ಚಿಮಣಿಯೇ ಆಯಿತು. ಹೆಸರು ನಮ್ಮ ಮನೆಗಳಿಗೆ ಬಂತು. ಹೊಗೆಯ ಗೂಡು ಮಾತ್ರ ಬರಲಿಲ್ಲ. ತರಗತಿಯಲ್ಲಿ ಅರ್ಥವ್ಯತ್ಯಾಸದ ಪಾಠ ಹೇಳುವವನಿಗೆ ಇದು ಸೊಗಸಾದ ಉದಾಹರಣೆ. ಒಲೆಯ ಮುಂದೆ ಕುಳಿತವರಿಗೆ ಇದರಲ್ಲಿ ಸೊಗಸೇನೂ ಇಲ್ಲ.

ಹಾಗೆಂದು ನಮ್ಮ ಹಿರಿಯರು ಹೊಗೆಯ ವಿಚಾರವನ್ನೇ ಮಾಡಿರಲಿಲ್ಲವೆಂದು ಹೇಳಲಾಗದು. ಮಣ್ಣಿನ ಮಾಳಿಗೆಯ ಮನೆಗೆ ಬೆಳಕಿಂಡಿ ಇತ್ತು. ಬೆಳಕನ್ನು ಒಳಕ್ಕೆ ಬಿಡುವುದು, ಹೊಗೆಯನ್ನು ಹೊರಕ್ಕೆ ಬಿಡುವುದು, ಎರಡೂ ಅದರ ಕೆಲಸ. ಮಳೆ ಬಂದಾಗ ಅದರ ಮೇಲೆ ಏನನ್ನಾದರೂ ಮುಚ್ಚುತ್ತಿದ್ದರು. ಆ ಹೊತ್ತು ಮನೆಯವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಹೆಂಚಿನ ಮನೆಯಲ್ಲಿ ಹೆಂಚಿನ ಸಂದುಗಳೇ ಹೊಗೆಗೆ ನೂರು ಬಾಗಿಲು. ಸಿಮೆಂಟಿನ ಸ್ಲ್ಯಾಬು ಬಂದ ಮೇಲೆ ಈ ಬಾಗಿಲುಗಳೆಲ್ಲ ಮುಚ್ಚಿಹೋದವು. ಮಳೆ ಸೋರುವುದು ನಿಂತಿತು. ಹೊಗೆ ಸೋರುವುದೂ ನಿಂತಿತು. ಹೀಗೆ, ಹಿಂದೆ ಬೇಕೆನಿಸದಿದ್ದ ಹೊಗೆಗೂಡು ಈಗ ಮನೆಗೆ ಬೇಕೇ ಬೇಕೆನ್ನುವ ಅಂಗವಾಗಿದೆ.

ರಾಯಬಾಗ ತಾಲ್ಲೂಕಿನ ಅಲಖನೂರಿನಲ್ಲಿ ನಾನು ಹಿಡಿದ ಬಾಡಿಗೆಯ ಮನೆಯಲ್ಲಿ ಅಂಥದೊಂದು ಗೂಡು ಇತ್ತು. ಅಡುಗೆಮನೆಯ ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಇಟ್ಟಂಗಿಯಲ್ಲಿ ಕಟ್ಟಿ ಸುಣ್ಣ ಬಳಿದ ಗೂಡು. ನೋಡಿದರೆ ಯಾರೂ ಮೆಚ್ಚಬೇಕು. ‘ಗ್ಯಾಸು ಬಂದಿರುವ ಈ ಕಾಲದಲ್ಲಿ ಒಲೆಯೇಕೆ?’ ಎಂದು ಪಟ್ಟಣದ ವಾಚಕರು ಕೇಳಬಹುದು. ಗ್ಯಾಸು ನಮ್ಮಲ್ಲಿಯೂ ಉಂಟು. ಆದರೆ ಈ ಕಡೆಯ ಎಷ್ಟೋ ಮನೆಗಳಲ್ಲಿ ಚಹಾ, ಪಲ್ಯ ಗ್ಯಾಸಿನ ಮೇಲೆ. ಜೋಳದ ರೊಟ್ಟಿ ಮತ್ತು ಸ್ನಾನದ ನೀರು ಒಲೆಯ ಮೇಲೆ. ಕುಳ್ಳು, ಹತ್ತಿಕಟ್ಟಿಗೆ, ಕಬ್ಬಿನ ರವದಿ ಸುತ್ತಲೂ ಸಿಗುವಾಗ ಸಿಲಿಂಡರನ್ನು ರೊಟ್ಟಿಗೆ ಸುಡುವುದು ದುಂದುಗಾರಿಕೆಯೆಂದೇ ನಮ್ಮ ತಾಯಿಯವರ ಅಭಿಪ್ರಾಯ. ರೊಟ್ಟಿಯ ರುಚಿಯ ಮಾತು ಬೇರೆ.

ಮೊದಲ ದಿನವೇ ಹೊಗೆ ಮೇಲಕ್ಕೇರದೆ ನಡುಮನೆಗೆ ತಿರುಗಿತು. ಅದೇ ವಾರ ಗೌಂಡಿಯನ್ನು ಕರೆಸಿದೆ. ಆತ ಒಂದು ಉದ್ದನೆಯ ಕೋಲನ್ನು ಗೂಡಿನೊಳಗೆ ತೂರಿಸಿ ನೋಡಿ, ಕೈಗೆ ಹತ್ತಿದ ಮಸಿಯನ್ನು ಒರೆಸಿಕೊಳ್ಳುತ್ತ, “ಸರ್, ಕೆಳಗ ಬಾಯಿ ಐತ್ರಿ, ಮ್ಯಾಲ ಬಾಯಿ ಇಲ್ಲ. ಹೊಗಿ ಎಲ್ಲಿಗೆ ಹೋಗಬೇಕ್ರಿ?” ಎಂದ. ಮೇಲೊಂದು ಕೋಣೆ ಕಟ್ಟಿಸುವಾಗ ಗೂಡನ್ನು ಸ್ಲ್ಯಾಬಿನ ಕೆಳಗೇ ಮುಚ್ಚಿಬಿಟ್ಟಿದ್ದರು. ಕಟ್ಟಿಸಿದವರಿಗೆ ಗೊತ್ತಿತ್ತು, ಬಾಡಿಗೆಗೆ ಬರುವವರಿಗೆ ತಿಳಿಯುವ ಬಗೆ ಇರಲಿಲ್ಲ. ಮನೆಯ ಯಜಮಾನರನ್ನು ಕೇಳಿದಾಗ ಅವರು ಸಿಟ್ಟಾಗಲಿಲ್ಲ, ಆಶ್ಚರ್ಯಪಟ್ಟರು. “ಸರ್, ಹಿಂದ ಇದ್ದವರು ಮೂರು ವರ್ಷ ಇದ್ರು. ಒಂದ್ ದಿನಾನೂ ಹೊಗಿ ಅಂತ ಅಂದಿಲ್ಲ ನೋಡ್ರಿ” ಎಂದರು.

ಈ ಮಾತಿನಿಂದಲೇ ನನ್ನ ಮನಸ್ಸಿನಲ್ಲಿ ಪ್ರಶ್ನೆ ಬೆಳೆಯಿತು. ಕೆಟ್ಟಿರುವುದು ಯಾರ ಗೂಡು? ಅದನ್ನು ಸರಿಪಡಿಸುವ ಹೊಣೆ ಯಾರದು?

ಕಾನೂನಿನಲ್ಲಿ ಇದಕ್ಕೆ ಉತ್ತರ ಇಲ್ಲದಿಲ್ಲ. ೧೮೮೨ರ ಸ್ವತ್ತು ವರ್ಗಾವಣೆ ಅಧಿನಿಯಮದ ೧೦೮ನೆಯ ಪ್ರಕರಣ ಬಾಡಿಗೆಗೆ ಕೊಡುವವರ, ಪಡೆಯುವವರ ಹಕ್ಕುಬಾಧ್ಯತೆಗಳನ್ನು ಪಟ್ಟಿ ಮಾಡುತ್ತದೆ. ಬೇರೆ ಕರಾರು ಇಲ್ಲದಿದ್ದರೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ಮುಖ್ಯ ದೋಷ ತನಗೆ ತಿಳಿದಿದ್ದಲ್ಲಿ ಒಡೆಯನು ಅದನ್ನು ಮುಂಚೆಯೇ ಹೇಳಬೇಕು. ಒಡೆಯನು ಮಾಡಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ತಕ್ಕ ಕಾಲದಲ್ಲಿ ಮಾಡದಿದ್ದರೆ ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬಾಡಿಗೆದಾರನ ಮೇಲೂ ಕಟ್ಟು ಇದೆ: ಪಡೆದಾಗ ಇದ್ದಂತೆಯೇ ಮನೆಯನ್ನು ಇಟ್ಟುಕೊಂಡು, ಇದ್ದಂತೆಯೇ ಹಿಂದಿರುಗಿಸಬೇಕು. ನ್ಯಾಯವಾದ ಮಾತು. ಆದರೆ ಕಾನೂನು ಕೇಳುವುದೆಲ್ಲ ಒಂದೇ ಪ್ರಶ್ನೆ: ಹಣ ಯಾರು ಕೊಡಬೇಕು? ಅದು ಇಬ್ಬರ ನಡುವಿನ ಲೆಕ್ಕ. ಹೊಗೆ ಮಾತ್ರ ಆ ಇಬ್ಬರ ನಡುವೆ ನಿಲ್ಲುವ ವಸ್ತುವಲ್ಲ.

ಕರಾರುಪತ್ರವನ್ನು ತೆರೆದು ನೋಡೋಣ. ಸಾಮಾನ್ಯವಾಗಿ ಅದು ಹನ್ನೊಂದು ತಿಂಗಳದ್ದು. ಒಂದು ವರ್ಷಕ್ಕೆ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆಂಬ ಕಾರಣಕ್ಕೆ ಹುಟ್ಟಿದ ರೂಢಿ ಇದು. ಹನ್ನೊಂದು ತಿಂಗಳ ಕರಾರು ನಮಗೆ ಹನ್ನೊಂದು ತಿಂಗಳ ನೀತಿಯನ್ನೂ ಕಲಿಸಿಬಿಡುತ್ತದೆ. ‘ನಾಳೆ ಬಿಟ್ಟುಹೋಗುವ ಮನೆಗೆ ನಾನೇಕೆ ಗಾರೆ ಹಾಕಲಿ?’ ಎನ್ನುತ್ತಾನೆ ಬಾಡಿಗೆದಾರ. ‘ನಾನು ಕಾಲಿಡದ ಅಡುಗೆಮನೆಗೆ ನಾನೇಕೆ ದುಡ್ಡು ಸುರಿಯಲಿ?’ ಎನ್ನುತ್ತಾನೆ ಒಡೆಯ. ಎರಡೂ ತರ್ಕಬದ್ಧವಾದ ಮಾತುಗಳೇ. ಈ ಎರಡು ತರ್ಕಗಳ ನಡುವೆ ಗೂಡು ವರ್ಷಗಟ್ಟಲೆ ಮುಚ್ಚಿಕೊಂಡೇ ಇರುತ್ತದೆ. ಪತ್ರದ ಕೆಳಗೆ ಇಬ್ಬರ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಒಲೆಯ ಮುಂದೆ ದಿನಕ್ಕೆ ಮೂರು ನಾಲ್ಕು ತಾಸು ಕೂಡುವವರ ಹೆಸರು ಹೆಚ್ಚಾಗಿ ಅದರಲ್ಲಿ ಎಲ್ಲಿಯೂ ಇರುವುದಿಲ್ಲ.

ನಮ್ಮ ನ್ಯಾಯಶಾಸ್ತ್ರಕ್ಕೆ ಹೊಗೆ ತುಂಬ ಪ್ರಿಯವಾದ ವಸ್ತು. ಬೆಟ್ಟದಲ್ಲಿ ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿ ಉಂಟು ಎಂಬುದು ಅನುಮಾನಪ್ರಮಾಣಕ್ಕೆ ಅದು ಕೊಡುವ ಹೆಸರಾದ ಉದಾಹರಣೆ. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆಂದು ನಾವು ಕಲಿತದ್ದೆಲ್ಲಿ ಎಂದರೆ ಅಡುಗೆಮನೆಯಲ್ಲಿ. ‘ಮಹಾನಸ’ವೇ ಅದಕ್ಕೆ ದೃಷ್ಟಾಂತ. ಆ ಪಂಡಿತರ ಸೂಕ್ಷ್ಮತೆಗೆ ತಲೆಬಾಗಬೇಕು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕಾಗಿಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲ ಎಂದು ಗಮನಿಸಿದವರು ಅವರು. ಹೊಗೆಗೆ ಕಾರಣ ಹಸಿ ಕಟ್ಟಿಗೆಯ ಸಂಯೋಗವೆಂದು ಗುರುತಿಸಿದವರೂ ಅವರೇ. ಇಷ್ಟೆಲ್ಲ ಅಡುಗೆಮನೆಯಿಂದಲೇ ಕಲಿತ ಶಾಸ್ತ್ರ ಆ ಅಡುಗೆಮನೆಯಲ್ಲಿ ಕುಳಿತವರ ಕಡೆಗೆ ಮಾತ್ರ ತಿರುಗಿ ನೋಡಲಿಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಿತು; ಹಸಿ ಕಟ್ಟಿಗೆಯನ್ನು ಊದುತ್ತಿರುವ ಒಬ್ಬರನ್ನು ಊಹಿಸಲಿಲ್ಲ. ತರ್ಕಕ್ಕೆ ಅದರ ಅಗತ್ಯವಿರಲಿಲ್ಲ, ನಿಜ. ನೀತಿಗೆ ಅಗತ್ಯವಿದೆ.

‘ಹಿಂದಿನವರು ಒಂದು ದಿನವೂ ಹೊಗೆ ಎನ್ನಲಿಲ್ಲ’ ಎಂಬ ಮಾತನ್ನು ಈ ಬೆಳಕಿನಲ್ಲಿ ನೋಡಬೇಕು. ಯಜಮಾನರು ಸುಳ್ಳು ಹೇಳುತ್ತಿರಲಿಲ್ಲವೆಂದೇ ನಾನು ನಂಬಿದ್ದೇನೆ. ಆದರೆ ಅನ್ನಲಿಲ್ಲ ಎಂಬುದರಿಂದ ಇರಲಿಲ್ಲ ಎಂದು ಊಹಿಸುವುದು ಕೆಟ್ಟ ತರ್ಕ. ಕಬ್ಬು ಕಡಿಯಲು ಹೋಗುವ ಒಂದು ಕುಟುಂಬ, ಇನ್ನೊಂದು ಮನೆ ಸುಲಭವಾಗಿ ಸಿಗದ ಊರಿನಲ್ಲಿ, ಮನೆಯ ಕೊರತೆಯನ್ನು ಬಾಯಿಬಿಟ್ಟು ಹೇಳೀತೇ? ಹೇಳಿದರೂ ಹೇಳುವವನು ಬಾಡಿಗೆ ಕೊಡಲು ಹೋಗುವ ಗಂಡಸು. ಕಣ್ಣುರಿಯುವುದು ಮನೆಯ ಹೆಂಗಸಿಗೆ. ಆಕೆಯ ಮಾತು ಗಂಡನನ್ನು ದಾಟಿ ಯಜಮಾನರ ಕಟ್ಟೆಯವರೆಗೆ ನಡೆಯಬೇಕು. ದಾರಿಯಲ್ಲಿ ಅದು ಸುಸ್ತಾಗಿ ಕುಳಿತುಬಿಟ್ಟರೆ ಅದಕ್ಕೆ ಒಪ್ಪಿಗೆ ಎಂದು ಹೆಸರಿಡಬಾರದು. ಮೌನ ಒಪ್ಪಿಗೆಯ ಲಕ್ಷಣವೆಂಬುದು ಮಾತನಾಡಲು ಸ್ವಾತಂತ್ರ್ಯವಿದ್ದವರ ವಿಷಯದಲ್ಲಿ ಮಾತ್ರ ನಿಜ.

ನಮ್ಮ ತಾಯಿಯವರೂ ಹೊಗೆಯನ್ನು ಕುರಿತು ದೂರಲಿಲ್ಲ. “ಒಲಿ ಹಚ್ಚಿದ ಮ್ಯಾಲ ಹೊಗಿ ಬರೂದಪಾ. ನಮ್ಮವ್ವ ಉಂಡಿದ್ದೂ ಅದನ್ನ, ನಾ ಉಂಡಿದ್ದೂ ಅದನ್ನ” ಎಂದರು. ಅವರ ಕೆಮ್ಮಿಗಾಗಿ ಕಂಡ ವೈದ್ಯರು ಎದೆಗೆ ಕೊಳವೆಯನ್ನಿಟ್ಟು ಕೇಳಿದ ಮೇಲೆ ಮೊದಲು ಕೇಳಿದ ಪ್ರಶ್ನೆ, “ಎಷ್ಟು ವರ್ಷ ಒಲಿ ಮುಂದ ಕುಂತೀರಿ, ಅಮ್ಮಾ?” ಎಂದು. ಐವತ್ತಕ್ಕೂ ಮೇಲೆ ಎಂದು ತಾಯಿ ಹೇಳಿದರು. ಬೀಡಿ ಮುಟ್ಟದ ಹೆಂಗಸರಿಗೂ ಬೀಡಿ ಸೇದಿದವರಂತೆ ಶ್ವಾಸಕೋಶ ಕೆಡುವುದು ಹೀಗೆಯೇ. ೨೦೨೦ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಲೋಕದಲ್ಲಿ ಸುಮಾರು ೩೨ ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಹೊಗೆಯಾದರೂ ಕಣ್ಣಿಗೆ ಕಾಣುತ್ತದೆ. ಮುಚ್ಚಿದ ಕೋಣೆಯ ಕೆಂಡದಿಂದ ಏಳುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆ ಕಾಣದಿದ್ದರೆ ಅಪಾಯವಿಲ್ಲವೆಂಬ ಅನುಮಾನ ಅಲ್ಲಿ ಪ್ರಾಣವನ್ನೇ ತೆಗೆಯಬಲ್ಲುದು. ಉಂಡವರು ತಾವೇ ದೂರದಿರುವಾಗಲೂ ಋಣ ಋಣವೇ. ಅವರ ಸಹನೆ ಅವರ ದೊಡ್ಡತನವೇ ಹೊರತು ನಮಗೆ ಸಿಕ್ಕ ರಿಯಾಯಿತಿಯಲ್ಲ.

ಸರಿ, ಗೂಡಿಗೆ ಬಾಯಿ ಮಾಡಿಸಬೇಕೆಂದಾಯಿತು. ಎಲ್ಲಿಗೆ? ಇಲ್ಲಿ ಕರಾರಿನಲ್ಲಿ ಹೆಸರಿಲ್ಲದ ಇನ್ನೊಬ್ಬರು ಬರುತ್ತಾರೆ. ಕಡಿಮೆ ಖರ್ಚಿನ ಉಪಾಯವೆಂದರೆ ಗೋಡೆಗೆ ತೂತು ಕೊರೆದು ಪೈಪನ್ನು ಅಡ್ಡಲಾಗಿ ಹೊರಕ್ಕೆ ಬಿಡುವುದು. ಪಡುವಣಕ್ಕೆ ಬಿಟ್ಟರೆ ಮಳೆಗಾಲದ ಪಡುಗಾಳಿ ಹೊಗೆಯನ್ನು ತಿರುಗಿ ಒಳಕ್ಕೇ ತಳ್ಳುತ್ತದೆ. ಮೂಡಣಕ್ಕೆ ಬಿಟ್ಟರೆ ನಮ್ಮ ಅಡುಗೆಮನೆಯೇನೋ ಹಸನಾಗುತ್ತದೆ. ಆದರೆ ಅಲ್ಲಿ ಪಕ್ಕದ ಮನೆಯ ಕಿಟಕಿ, ಕಿಟಕಿಯ ಒಳಗೆ ತೊಟ್ಟಿಲು. ಯಜಮಾನರಿಗೆ ಮೂಡಣವೇ ಒಪ್ಪಿಗೆಯಾಗಿತ್ತು. ಹೊಗೆಗೂಡು ಹೊಗೆಯನ್ನು ನಾಶಮಾಡುವುದಿಲ್ಲ, ವರ್ಗ ಮಾಡುತ್ತದೆ ಅಷ್ಟೇ ಎಂಬ ಸತ್ಯ ಆಗ ನನ್ನ ಮುಂದೆ ಸ್ಪಷ್ಟವಾಗಿ ನಿಂತಿತು. ಲೋಕದ ದೊಡ್ಡ ದೊಡ್ಡ ದೇಶಗಳೂ ಇದನ್ನು ಕಷ್ಟಪಟ್ಟೇ ಕಲಿತವು. ೧೯೫೨ರ ಡಿಸೆಂಬರಿನಲ್ಲಿ ಲಂಡನ್ ನಗರದ ಮೇಲೆ ಕಲ್ಲಿದ್ದಲಿನ ಹೊಗೆ ಮಂಜಿನೊಡನೆ ಬೆರೆತು ಐದು ದಿನ ಕವಿದು ನಿಂತಾಗ ಸುಮಾರು ನಾಲ್ಕು ಸಾವಿರ ಜನ ಸತ್ತರೆಂದು ಆಗಿನ ಎಣಿಕೆ. ೧೯೫೬ರಲ್ಲಿ ಅಲ್ಲಿ ಶುದ್ಧ ವಾಯುವಿನ ಕಾನೂನು ಬಂತು. ವಿದ್ಯುತ್ ಸ್ಥಾವರಗಳಿಗೆ ಎತ್ತರದ ಹೊಗೆಗೂಡುಗಳನ್ನು ಕಟ್ಟಿದರು. ಹೊಗೆ ಊರಿನಿಂದ ಮೇಲೆ ಹೋಯಿತು. ಹೋಗಿ ಸಮುದ್ರ ದಾಟಿ ನಾರ್ವೆ, ಸ್ವೀಡನ್ನುಗಳ ಕೆರೆಗಳ ಮೇಲೆ ಆಮ್ಲದ ಮಳೆಯಾಗಿ ಬಿತ್ತು. ಗಡಿ ದಾಟುವ ಹೊಗೆಯನ್ನು ಕುರಿತು ದೇಶಗಳು ೧೯೭೯ರಲ್ಲಿ ಜಿನೀವಾದಲ್ಲಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ನಮ್ಮ ಮೂಡಣದ ಕಿಟಕಿಯ ಕಥೆಯೇ ಅದು. ಅಳತೆ ಮಾತ್ರ ದೊಡ್ಡದು.

ಕೊನೆಗೆ ಗೌಂಡಿ ಹೇಳಿದ ಮೂರನೆಯ ದಾರಿಯನ್ನೇ ಹಿಡಿದೆವು. ಸ್ಲ್ಯಾಬನ್ನು ಕೊರೆದು ಮೇಲಿನ ಕೋಣೆಯ ಮೂಲೆಗುಂಟ ಪೈಪನ್ನು ನೆಟ್ಟಗೆ ಒಯ್ದು, ಮೇಲಿನ ಸ್ಲ್ಯಾಬಿನಿಂದ ಮೂರು ಅಡಿ ಎತ್ತರಕ್ಕೆ ಬಿಟ್ಟು, ಮಳೆ ಬೀಳದಂತೆ ಟೊಪ್ಪಿಗೆ ಹಾಕುವುದು. ಇದರ ಹಿಂದಿನ ವಿಜ್ಞಾನ ಸರಳವಾದದ್ದು. ಬಿಸಿಗಾಳಿ ಹಗುರ, ಅದು ಕೊಳವೆಯಲ್ಲಿ ಏರಿದಂತೆ ಕೆಳಗಿನಿಂದ ತಣ್ಣನೆಯ ಗಾಳಿ ಒಲೆಗೆ ನುಗ್ಗುತ್ತದೆ, ಕೊಳವೆ ಎತ್ತರವಾದಷ್ಟೂ ಸೆಳೆತ ಹೆಚ್ಚು. ಗಾಳಿ ಒಳಗೆ ಬರಲು ದಾರಿಯಿಲ್ಲದಿದ್ದರೆ ಎಂಥ ಗೂಡೂ ಎಳೆಯಲಾರದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ೧೭೮೫ರಲ್ಲಿ ಹಡಗಿನ ಪ್ರಯಾಣದಲ್ಲಿ ಈ ವಿಷಯವನ್ನೇ ಕುರಿತು ದೀರ್ಘವಾದ ಪತ್ರವೊಂದನ್ನು ಬರೆದಾಗ, ಹೊಗೆ ತಿರುಗಿ ಬರುವುದಕ್ಕೆ ಆತ ಕೊಟ್ಟ ಮೊದಲ ಕಾರಣವೇ ಅದು: ಹೊಸ ಮನೆಗಳ ಸಂದುಗಳು ತುಂಬ ಬಿಗಿಯಾಗಿರುವುದು. ಅಡುಗೆಮನೆಯ ಬಾಗಿಲ ಬುಡದಲ್ಲಿ ನಾವೂ ಒಂದು ಜಾಲರಿ ಹಾಕಿಸಿದೆವು. ಹಣದ ಮಾತು ಸುಲಭವಾಗಿ ಬಗೆಹರಿಯಲಿಲ್ಲ. ಅರ್ಧವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಯಜಮಾನರು ಒಪ್ಪಿದರು. ಉಳಿದರ್ಧದ ಬಗ್ಗೆ ಅವರಿಗೂ ನನಗೂ ಇಂದಿಗೂ ಭಿನ್ನಾಭಿಪ್ರಾಯ ಉಂಟು. ಆದರೆ ಆ ಜಗಳ ತೀರುವವರೆಗೆ ತಾಯಿ ಹೊಗೆಯಲ್ಲಿ ಕುಳಿತಿರಬೇಕಾಗಿರಲಿಲ್ಲ. ಮೊದಲು ಹೊಗೆ, ಆಮೇಲೆ ಲೆಕ್ಕ: ಇಂಥ ಸಂಗತಿಗಳಲ್ಲಿ ಇದೇ ಸರಿಯಾದ ಕ್ರಮವೆಂದು ನನಗೆ ತೋರುತ್ತದೆ. ಹೊಗೆಯನ್ನು ಮೊದಲು ತೆಗೆಸಿದ ಮಾತ್ರಕ್ಕೆ ಲೆಕ್ಕ ಕೇಳುವ ಹಕ್ಕು ಹೋಗುವುದಿಲ್ಲ.

ಕರಾರಿನಲ್ಲಿ ಹೆಸರಿಲ್ಲದ ಮೂರನೆಯವರು, ನಮ್ಮ ಅನಂತರ ಆ ಮನೆಗೆ ಬರುವವರು. ಪೈಪು ಹಾಕಿದೊಡನೆ ಕೆಲಸ ಮುಗಿಯುವುದಿಲ್ಲ. ಒಳಗೆ ಮಸಿ ಕಟ್ಟುತ್ತದೆ. ತಿಂಗಳಿಗೊಮ್ಮೆಯಾದರೂ ತಟ್ಟಿ ಉದುರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ೧೯೭೪ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದವರು ಮೂರು ಪಾತ್ರೆಗಳನ್ನಿಡುವ, ಹೊಗೆಗೂಡಿನ ‘ಅಸ್ತ್ರ ಒಲೆ’ಯನ್ನು ರೂಪಿಸಿ ಕಡಿಮೆ ಸೌದೆಯಲ್ಲಿ ಹೆಚ್ಚು ಅಡುಗೆ ಮಾಡಿ ತೋರಿಸಿದರು. ಆದರೆ ಒಲೆಯನ್ನು ಕಟ್ಟುವುದು ಬೇರೆ, ಕಾಯುವುದು ಬೇರೆ. ಒಡಿಶಾದ ಹಳ್ಳಿಗಳಲ್ಲಿ ಇಂಥ ಸುಧಾರಿತ ಒಲೆಗಳನ್ನು ಕುರಿತು ಹಲವು ವರ್ಷ ನಡೆದು ೨೦೧೬ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲ ವರ್ಷ ಹೆಂಗಸರ ಎದೆಗೆ ಹೋಗುವ ಹೊಗೆ ಕಡಿಮೆಯಾದದ್ದೂ, ಆಮೇಲೆ ಗೂಡುಗಳನ್ನು ಸರಿಯಾಗಿ ನೋಡಿಕೊಳ್ಳದೆ ಆ ಲಾಭ ಅಳಿದುಹೋದದ್ದೂ ಕಂಡುಬಂತು. ಅವೇನು ಬಾಡಿಗೆಯ ಮನೆಗಳಲ್ಲ. ಸ್ವಂತದ ಮನೆಯಾದರೆ ಮನುಷ್ಯ ತಾನಾಗಿಯೇ ಕಾಳಜಿ ಮಾಡುತ್ತಾನೆ ಎಂಬ ನಮ್ಮ ನಂಬಿಕೆ ಅಷ್ಟು ಗಟ್ಟಿಯಾದುದಲ್ಲವೆಂದು ಇದರಿಂದ ತಿಳಿಯುತ್ತದೆ. ಒಡೆತನದಿಂದ ಕಾಳಜಿ ಹುಟ್ಟುವುದಿಲ್ಲ. ಕಣ್ಣುರಿಯುವವರ ಕೈಗೂ ಹಣದ ಚೀಲ ಹಿಡಿದವರ ಕೈಗೂ ನಡುವೆ ಎಷ್ಟು ದೂರ ಎಂಬುದರ ಮೇಲೆ ಅದು ನಿಂತಿದೆ. ಆ ದೂರ ಸ್ವಂತ ಮನೆಯಲ್ಲಿಯೂ ಇರಬಹುದು.

ಆದಕಾರಣ ಮನೆ ಬಿಡುವವನಿಗೂ ಒಂದು ಕರ್ತವ್ಯ ಉಂಟೆನ್ನುತ್ತೇನೆ. ದೋಷವನ್ನು ಹೇಳಬೇಕಾದವನು ಒಡೆಯ ಎನ್ನುತ್ತದೆ ಕಾನೂನು. ಬಿಟ್ಟುಹೋಗುವ ಬಾಡಿಗೆದಾರ ಬರುವ ಬಾಡಿಗೆದಾರನಿಗೆ ಏನನ್ನಾದರೂ ಹೇಳಬೇಕೆಂದು ಅದರಲ್ಲಿಲ್ಲ. ‘ನಮಗ್ಯಾಕ ಬೇಕ್ರಿ ಊರ ಉಸಾಬರಿ’ ಎಂದು ಸಾಮಾನು ಕಟ್ಟಿ ಹೊರಟರೆ ಯಾರೂ ಕೇಳುವಂತಿಲ್ಲ. ಆದರೂ ಪೈಪನ್ನು ಯಾವಾಗ ತಟ್ಟಬೇಕು, ಗಾಳಿ ಎಲ್ಲಿಂದ ಬೀಸಿದರೆ ಯಾವ ಬಾಗಿಲು ತೆರೆಯಬೇಕು ಎಂಬ ನಾಲ್ಕು ಮಾತನ್ನು ಬರುವವರ ಮನೆಯಾಕೆಗೆ ಹೇಳಿ ಹೋಗುವುದಕ್ಕೆ ಎಷ್ಟು ಹೊತ್ತು ಬೇಕು?

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಅಡುಗೆಯವರು, ನೆರೆಯವರು, ಮುಂದೆ ಬರುವವರು ಎಂದು ಹೀಗೆ ಲೆಕ್ಕ ಹಚ್ಚುತ್ತ ಹೋದರೆ ಋಣಕ್ಕೆ ಕೊನೆಯೆಲ್ಲಿ? ಒಬ್ಬ ಬಾಡಿಗೆದಾರ ಲೋಕದ ಹೊಗೆಯನ್ನೆಲ್ಲ ತಲೆಯ ಮೇಲೆ ಹೊರಬೇಕೇ? ಹೊರಬೇಕಾಗಿಲ್ಲ. ನನ್ನ ಒಲೆಯ ಹೊಗೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ನನ್ನ ಹೊಣೆ, ಅದರಾಚೆಯದು ಬೇರೆಯವರದು. ಮತ್ತು ಹೊಣೆ ಎಲ್ಲರಿಗೂ ಒಂದೇ ತೂಕದ್ದಲ್ಲ. ತಿಂಗಳ ಸಂಬಳ ತರುವ ನಾನು ಗೌಂಡಿಯನ್ನು ಕರೆಸಬಲ್ಲೆ, ಯಜಮಾನರೊಡನೆ ವಾದಿಸಬಲ್ಲೆ. ನನಗೆ ಮೊದಲು ಇದ್ದ ಕುಟುಂಬಕ್ಕೆ ಎರಡೂ ಸಾಧ್ಯವಿರಲಿಲ್ಲ. ಆ ಹೆಂಗಸಿನಿಂದ ದುರಸ್ತಿಯನ್ನು ಅಪೇಕ್ಷಿಸುವುದು ಅನ್ಯಾಯ. ಬಾಯಿ ಇದ್ದವರು ಹೆಚ್ಚು ಹೊರಬೇಕು, ಕಟ್ಟಿಸಿ ಮುಚ್ಚಿದವರು ಎಲ್ಲರಿಗಿಂತ ಹೆಚ್ಚು ಹೊರಬೇಕು.

ಈ ದೇಹವೇ ಒಂದು ಬಾಡಿಗೆಯ ಮನೆ, ನಾಲ್ಕು ದಿನ ಇದ್ದು ಹೋಗುವುದು ಎಂಬ ಮಾತು ನಮ್ಮ ಭಜನೆಯ ಮೇಳಗಳಲ್ಲಿ ಆಗಾಗ ಕೇಳುತ್ತದೆ. ಮೋಹ ಬೇಡವೆಂಬುದು ಅದರ ಅಭಿಪ್ರಾಯ, ಒಳ್ಳೆಯ ಉಪದೇಶ. ಆದರೆ ಮೋಹ ಬೇಡವೆಂದರೆ ಉಸ್ತುವಾರಿ ಬೇಡವೆಂದಲ್ಲ. ಹಾಗೆ ನೋಡಿದರೆ ಬಾಡಿಗೆಯ ಮನೆಯಲ್ಲಿ ಮಾಡಿಸುವ ದುರಸ್ತಿಗೆ ಸ್ವಂತ ಮನೆಯ ದುರಸ್ತಿಗಿಲ್ಲದ ಒಂದು ಗುಣವಿದೆ: ಅದರ ಫಲ ಹೆಚ್ಚಿನ ಮಟ್ಟಿಗೆ ನಮಗೆ ಗುರುತಿಲ್ಲದವರಿಗೆ ಸೇರುತ್ತದೆ. ಅಲಖನೂರಿನ ಆ ಮನೆಗೆ ನಮ್ಮ ಅನಂತರ ಬರುವವರು ಯಾರೆಂದು ನಾನರಿಯೆ. ಅವರೂ ಮುಂಜಾನೆ ಒಲೆ ಹಚ್ಚುವರು. ರೊಟ್ಟಿ ಬೇಯುವಾಗ ಹೊಗೆ ಸ್ಲ್ಯಾಬನ್ನು ದಾಟಿ ಮೇಲೆ ಹೋಗುವುದು. ಅವರು ಅದನ್ನು ಗಮನಿಸಲಾರರು. ಕಣ್ಣೊರೆಸಿಕೊಳ್ಳದೆ ಹಿಟ್ಟು ನಾದುವಷ್ಟರ ಮಟ್ಟಿಗೆ ಅವರು ಅದನ್ನು ಗಮನಿಸದಿದ್ದರೆ ಸಾಕು.